ನನ್ನ ನರಕದ ಫೈಲು

ನನಗೊಂದು ಹವ್ಯಾಸವಿದೆ, ಹೇಳಿಕೊಳ್ಳಲು ಸ್ವಲ್ಪ ನಾಚಿಕೆ. ಬೇರೆಯವರು ಹಳೆಯ ನಾಣ್ಯ, ಬೆಂಕಿಪೊಟ್ಟಣದ ಚೀಟಿ ಕೂಡಿಡುವ ಹಾಗೆ ನಾನು ನರಕದ ಕರಪತ್ರಗಳನ್ನು ಕೂಡಿಡುತ್ತೇನೆ. ಪೀಣ್ಯದ ಮೆಟ್ರೋ ಮೆಟ್ಟಿಲ ಕೆಳಗೋ ಮಾರತ್ತಹಳ್ಳಿ ಸೇತುವೆಯ ಬಸ್ ನಿಲ್ದಾಣದಲ್ಲೋ ಇಸ್ತ್ರಿ ಮಾಡಿದ ಬಿಳಿ ಅಂಗಿಯ ಯಾರಾದರೂ ಮಡಿಸಿದ ಕಾಗದ ಚಾಚಿದರೆ ಉಳಿದವರು ಕೈ ಹಿಂದಕ್ಕೆಳೆದುಕೊಳ್ಳುತ್ತಾರೆ. ನಾನು ಮುಂದೆ ಚಾಚುತ್ತೇನೆ. ಕೊಟ್ಟವರಿಗೆ ಒಂದು ಆತ್ಮ ಸಿಕ್ಕಿತೆಂಬ ಸಂತೋಷ, ನನಗೆ ಫೈಲಿಗೊಂದು ಹಾಳೆ ಸಿಕ್ಕಿತೆಂಬ ಸಂತೋಷ. ಇಬ್ಬರೂ ಒಬ್ಬರನ್ನೊಬ್ಬರು ಏಮಾರಿಸಿದ ನಗೆಯಲ್ಲಿ ಬೀಳ್ಕೊಳ್ಳುತ್ತೇವೆ.

ಕರಪತ್ರಗಳ ನರಕ ನೋಡುವಂಥದ್ದು. ಜ್ವಾಲೆಗಳು ಹುಟ್ಟುಹಬ್ಬದ ಮೇಣದಬತ್ತಿಯ ಜ್ವಾಲೆಗಳಂತೆ ಅಚ್ಚುಕಟ್ಟಾಗಿ ಸಾಲಾಗಿ ನಿಂತಿರುತ್ತವೆ. ಅವುಗಳ ನಡುವೆ ಸೊಂಟದ ತನಕ ಮುಳುಗಿದ ಜನ ಎರಡೂ ಕೈ ಎತ್ತಿರುತ್ತಾರೆ, ಬಸ್ಸು ನಿಲ್ಲಿಸಲು ಎತ್ತಿದ ಹಾಗೆ. ಯಾರ ಕೂದಲಿಗೂ ಬೆಂಕಿ ಹತ್ತಿರುವುದಿಲ್ಲ. ಹೆಂಗಸೊಬ್ಬಳ ಸೀರೆಯ ನೆರಿಗೆ ಕೂಡ ಕೆಡದೆ ಇದ್ದದ್ದನ್ನು ಕಂಡಿದ್ದೇನೆ. ಒಂದು ಕರಪತ್ರದ ಪ್ರಕಾರ ಅಲ್ಲಿನ ಶಾಖ ಸೂರ್ಯನಿಗಿಂತ ಹೆಚ್ಚು. ಇನ್ನೊಂದರ ಪ್ರಕಾರ ಕರಗಿದ ಸೀಸದಷ್ಟು. ಸೀಸ ಕರಗಲು ಬೇಕಾದ ಶಾಖಕ್ಕೂ ಸೂರ್ಯನಿಗೂ ಇರುವ ಅಂತರ ನೋಡಿದರೆ, ನರಕಕ್ಕೆ ಹೋಗಲೇಬೇಕಾದವರು ಯಾವ ಕರಪತ್ರದ ನರಕಕ್ಕೆ ಎಂದು ಮೊದಲೇ ವಿಚಾರಿಸಿಕೊಳ್ಳುವುದು ಒಳ್ಳೆಯದು.

ಇಷ್ಟೊಂದು ತಾತ್ಸಾರ ಯಾಕೆಂದರೆ ಇದು ನನ್ನ ಮನೆಯದೇ ಸರಕು. ನಾನು ಲಗ್ಗೆರೆಯ ಕ್ರೈಸ್ತ ಕುಟುಂಬದವನು, ಹೆಸರು ಜೋಜಪ್ಪ. ಅಪ್ಪ ಪೀಣ್ಯದ ಒಂದು ಶೆಡ್ಡಿನಲ್ಲಿ ಲೇತ್ ಮುಂದೆ ನಿಂತು ನನ್ನನ್ನು ತತ್ವಶಾಸ್ತ್ರದ ಎಂ.ಎ. ತನಕ ಓದಿಸಿದರು. ಆ ತತ್ವಶಾಸ್ತ್ರ ನನ್ನನ್ನು ವೈಟ್‌ಫೀಲ್ಡಿನ ಒಂದು ಆಫೀಸಿಗೆ ತಂದು ಬಿಟ್ಟಿದೆ. ಅಲ್ಲಿ ನಾನು ಯಂತ್ರಗಳ ಕೈಪಿಡಿಗಳಿಗೆ ಎಚ್ಚರಿಕೆಯ ವಾಕ್ಯಗಳನ್ನು ಬರೆಯುತ್ತೇನೆ. ‘ಈ ಭಾಗ ಬಿಸಿಯಾಗಿರುತ್ತದೆ, ಮುಟ್ಟಬೇಡಿ.’ ‘ಚಾಲನೆಯಲ್ಲಿರುವಾಗ ಕೈ ಹಾಕಬೇಡಿ.’ ಹೀಗಾಗಿ ಕರಪತ್ರ ಬರೆಯುವವರೂ ನಾನೂ ಒಂದೇ ಕಸುಬಿನವರು. ನಮ್ಮ ಕಸುಬಿನಲ್ಲಿ ಒಂದು ನಿಯಮವುಂಟು: ಒಂದು ಪುಟದಲ್ಲಿ ಎಂಟು ಎಚ್ಚರಿಕೆ ಇದ್ದರೆ ಓದುಗ ಒಂದನ್ನೂ ಓದುವುದಿಲ್ಲ. ಇದನ್ನು ಅವರಿಗೆ ಯಾರೂ ಹೇಳಿಕೊಟ್ಟಂತಿಲ್ಲ.

ನರಕ ಎಂಬ ಪದವಾದರೋ ನಮ್ಮ ಕಡೆ ಸವೆದು ಸವೆದು ಬಸ್ಸಿನ ಚಿಲ್ಲರೆಯಂತಾಗಿದೆ. ಹೊರವರ್ತುಲ ರಸ್ತೆಯಲ್ಲಿ ಮುಕ್ಕಾಲು ಗಂಟೆ ನಿಂತವನು “ನರಕ ಗುರು” ಎನ್ನುತ್ತಾನೆ. ಪೀಜಿಯ ಸಾಂಬಾರು ನರಕ. ಸೋಮವಾರದ ಮೀಟಿಂಗು ನರಕ. ನಿತ್ಯವೂ ಇಷ್ಟು ನರಕಗಳನ್ನು ದಾಟಿ ಮನೆ ಸೇರುವ ಜನರನ್ನು ಮೇಣದಬತ್ತಿಯ ಜ್ವಾಲೆಯಿಂದ ಹೆದರಿಸಬಹುದೆಂದು ನಂಬಿದವರ ಆತ್ಮವಿಶ್ವಾಸವನ್ನು ಮೆಚ್ಚಬೇಕು.

ಓದಿದ ಕರ್ಮಕ್ಕೆ ಸ್ವಲ್ಪ ಪಾಂಡಿತ್ಯವನ್ನೂ ಸಹಿಸಿಕೊಳ್ಳಿ. ಕ್ರೈಸ್ತರ ನರಕ ಒಂದೇ ದಿನದಲ್ಲಿ ಕಟ್ಟಿದ್ದಲ್ಲ. ಹಳೆಯ ಯೆಹೂದ್ಯರಿಗೆ ಸತ್ತವರೆಲ್ಲ ಹೋಗುತ್ತಿದ್ದ ಒಂದು ಜಾಗವಿತ್ತು, ಅದರ ಹೆಸರು ಷೆಯೋಲ್. ಬೆಂಕಿಯಿಲ್ಲ, ಸೈತಾನನಿಲ್ಲ, ಬರೀ ಧೂಳು ಮತ್ತು ಮೌನ. ಮಧ್ಯಾಹ್ನ ಊಟದ ಹೊತ್ತಿನ ಸರ್ಕಾರಿ ಕಚೇರಿಯ ಹಾಗೆ. ಮುಂದೆ ಜೆರುಸಲೇಮಿನ ಗೋಡೆಯಾಚೆಯ ಗೆಹೆನ್ನ ಎಂಬ ಕಣಿವೆಯ ಹೆಸರು ಇದಕ್ಕೆ ಅಂಟಿಕೊಂಡಿತು. ಹಿಂದೊಮ್ಮೆ ಅಲ್ಲಿ ವಿಗ್ರಹಗಳಿಗೆ ಮಕ್ಕಳನ್ನು ಸುಟ್ಟು ಬಲಿ ಕೊಡುತ್ತಿದ್ದರೆಂಬ ಅಪಕೀರ್ತಿ ಆ ಕಣಿವೆಗಿತ್ತು. ಅಂದರೆ ನರಕ ಮೊದಲಿಗೆ ಊರಾಚೆಯ ಒಂದು ವಿಳಾಸವಾಗಿತ್ತು. ಬೇಕಿದ್ದರೆ ನಡೆದುಕೊಂಡು ಹೋಗಿ ನೋಡಿ ಬರಬಹುದಿತ್ತು. ಕೋಣೆ, ಮಹಡಿ, ಕೊಪ್ಪರಿಗೆ, ಕೊಂಬು, ಬಾಲ ಇವನ್ನೆಲ್ಲ ಆಮೇಲಿನ ಶತಮಾನಗಳವರು ಬಿಡುವಿದ್ದಾಗ ಸೇರಿಸಿದರು.

ಸೇರಿಸಿ ಜಗಳಕ್ಕೆ ಕೂತರು. ಬೆಂಕಿ ನಿಜವಾದ ಬೆಂಕಿಯೋ ರೂಪಕವೋ? ಅದಕ್ಕೆ ಕೊನೆಯುಂಟೋ ಇಲ್ಲವೋ? ಕೊನೆಗೊಂದು ದಿನ ಎಲ್ಲರಿಗೂ ಬಿಡುಗಡೆ ಎಂದವರನ್ನು ಗದರಿಸಿ ಕೂರಿಸಲಾಯಿತು. ತಲೆಗೆ ನೀರೆರೆದು ಕ್ರೈಸ್ತರಾಗಿಸುವ ಜ್ಞಾನಸ್ನಾನವಾಗದೆ ತೀರಿಕೊಂಡ ಹಸುಗೂಸುಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಪಂಡಿತರು ನರಕದ ಅಂಚಿಗೊಂದು ಜಗಲಿ ಕಟ್ಟಿಸಿದರು. ಶತಮಾನಗಟ್ಟಲೆ ಕೂಸುಗಳನ್ನು ಅಲ್ಲಿ ಮಲಗಿಸಿ, ಇತ್ತೀಚೆಗೆ, ಆ ಜಗಲಿ ಬರೀ ಒಂದು ಊಹೆಯಾಗಿತ್ತು, ನಂಬಲೇಬೇಕಾದ ಸಿದ್ಧಾಂತವೇನೂ ಆಗಿರಲಿಲ್ಲ ಎಂದು ಮೆಲ್ಲಗೆ ಹೇಳಿ ಮುಗಿಸಿದರು. ಅಷ್ಟು ಕಾಲ ಕಣ್ಣೀರು ಹಾಕಿದ ತಾಯಂದಿರನ್ನು ಯಾರಾದರೂ ಕ್ಷಮೆ ಕೇಳಿದರೋ ಕಾಣೆ. ಇವತ್ತಿಗೆ ನಮ್ಮ ಧರ್ಮಸಭೆ ಹೇಳುವುದು ಇಷ್ಟು: ನರಕವುಂಟು, ದೇವರಿಂದ ದೂರವಾಗುವುದೇ ಅದರ ಮುಖ್ಯ ಯಾತನೆ. ಆದರೆ ಇಂಥವರು ಅಲ್ಲಿದ್ದಾರೆ ಎಂದು ಒಬ್ಬರ ಹೆಸರನ್ನೂ ಸಭೆ ಈವರೆಗೆ ಸಾರಿಲ್ಲ. ಸಂತರ ಪಟ್ಟಿ ಉದ್ದವಿದೆ, ಎದುರು ಪುಟ ಖಾಲಿ. ಇನ್ನೂ ಒಂದು ಮಾತು. ಪ್ರತಿ ಭಾನುವಾರ ನಾವು ಒಕ್ಕೊರಲಿನಿಂದ ಹೇಳುವ ವಿಶ್ವಾಸ ಪ್ರಮಾಣದಲ್ಲಿ ಕ್ರಿಸ್ತನು ಪಾತಾಳಕ್ಕೆ ಇಳಿದನೆಂದಿದೆ. ಅಲ್ಲಿಗೆ ಹೋಗಿ ಬಂದವನು ಅವನೊಬ್ಬನೇ. ಬಂದ ಮೇಲೆ ಅಲ್ಲಿನ ಶಾಖದ ಬಗ್ಗೆ ಅವನು ಚಕಾರವೆತ್ತಲಿಲ್ಲ. ಹೋಗದವರೇ ಎಲ್ಲವನ್ನೂ ವರ್ಣಿಸುತ್ತಿದ್ದಾರೆ.

ಇಷ್ಟು ತಿರಸ್ಕಾರಕ್ಕೆ ಒಂದು ಬೀಜ ಬೇಕಷ್ಟೆ. ನನ್ನಲ್ಲಿ ಅದು ಒಂದು ಕತೆಯ ರೂಪದಲ್ಲಿತ್ತು. ಅದನ್ನು ಆಫೀಸಿನ ಊಟದ ಮೇಜಿನಲ್ಲಿ, ಮದುವೆ ಮನೆಗಳಲ್ಲಿ, ಒಮ್ಮೆ ಒಂದು ವಿಚಾರಗೋಷ್ಠಿಯಲ್ಲೂ ಹೇಳಿ ಚಪ್ಪಾಳೆ ಗಿಟ್ಟಿಸಿದ್ದೇನೆ. ಕತೆ ಹೀಗೆ. ನನಗೆ ಹತ್ತು ವರ್ಷ. ಭಾನುವಾರದ ಧರ್ಮೋಪದೇಶದ ತರಗತಿ. ಉಪದೇಶಿ ಅಂತೋಣಪ್ಪ, ಕೈಯಲ್ಲಿ ಬೆತ್ತ. ಅವರು ಕೆಂಪು ಸೀಮೆಸುಣ್ಣದಲ್ಲಿ ಬೆಂಕಿಯ ಚಿತ್ರ ಬರೆದು ನನ್ನ ಪಕ್ಕದಲ್ಲಿದ್ದ ಗೆಳೆಯ ಚೌರಪ್ಪನ ಕಡೆ ತಿರುಗುತ್ತಾರೆ. “ನಿಮ್ಮಮ್ಮಂಗೆ ಜ್ಞಾನಸ್ನಾನ ಆಗಿಲ್ಲ. ಇದರೊಳಗೇ ಹೋಗೋದು” ಎನ್ನುತ್ತಾರೆ. ಚೌರಿಯ ತಾಯಿ ಸಿದ್ದವ್ವ ಗದಗಿನ ಕಡೆಯವರು. ಪೀಣ್ಯದ ಶೆಡ್ಡುಗಳಿಗೆ ಕಾಂಕ್ರೀಟು ಹೊರಲು ಬಂದು, ಅದೇ ಶೆಡ್ಡಿನ ಕೆಲಸಗಾರನೊಬ್ಬನನ್ನು ಮದುವೆಯಾದವರು. ಕೊರಳಲ್ಲಿ ಲಿಂಗ, ಗೋಡೆಯ ಮೇಲೆ ಗಂಡನ ಕಡೆಯ ಮಾತೆ ಮರಿಯಮ್ಮ. ಪ್ರತಿ ಭಾನುವಾರ ಗಂಡನ ಜೊತೆ ಚರ್ಚಿಗೆ ಬಂದು ಕೊನೆಯ ಬೆಂಚಿನಲ್ಲಿ ಕೂರುವರು. ತರಗತಿ ಮುಗಿಸಿ ಬಂದ ನಮಗಿಬ್ಬರಿಗೂ ಜೋಳದ ರೊಟ್ಟಿ ಬಡಿದು ಕೊಡುವರು. ಅಂಥವರನ್ನು ಒಬ್ಬ ಅರೆಬೆಂದ ಉಪದೇಶಿ ಹೀಗೆ ಒಂದೇ ವಾಕ್ಯದಲ್ಲಿ ಸುಟ್ಟುಬಿಟ್ಟ, ಅಂದಿನಿಂದ ನಾನು ನರಕದ ಶತ್ರುವಾದೆ. ಇಲ್ಲಿ ಜನ ನಿಟ್ಟುಸಿರು ಬಿಡುತ್ತಾರೆ. ನಾನು ನೀರು ಕುಡಿಯುತ್ತೇನೆ.

ದಿನಚರಿ ಬರೆಯುವವನು ನೆನಪನ್ನು ನಂಬಬಾರದು. ನಾನೂ ನಂಬುವುದಿಲ್ಲ. ಅದಕ್ಕೇ ಇಷ್ಟು ವರ್ಷಗಳ ದಿನಚರಿ ಇಟ್ಟಿದ್ದೇನೆ. ಆದರೆ ಬಾಲ್ಯದ ಎರಡು ನೆನಪುಗಳಿಗೆ ನಾನು ಪುರಾವೆ ಕೇಳುತ್ತಿರಲಿಲ್ಲ. ಒಂದು ಈ ಕೆಂಪು ಸೀಮೆಸುಣ್ಣ. ಇನ್ನೊಂದು ಸಿದ್ದವ್ವನ ಮನೆಯಲ್ಲಿ ಒಂದು ಭಾನುವಾರ ರೊಟ್ಟಿಯ ಬದಲು ಬ್ರೆಡ್ಡು ಜಾಮು ಕೊಟ್ಟದ್ದು. ಆ ಕಾಲಕ್ಕೆ ಬ್ರೆಡ್ಡೆಂದರೆ ಜ್ವರ ಬಂದವರಿಗೆ ಮಾತ್ರ. ಜ್ವರವಿಲ್ಲದೆ, ಅದೂ ಜಾಮಿನೊಂದಿಗೆ! ‘ಬಾಲ್ಯದ ಅತ್ಯಂತ ಸಂತೋಷದ ದಿನ’ ಎಂದು ಬೇರೆ ಬೇರೆ ವರ್ಷಗಳ ದಿನಚರಿಯಲ್ಲಿ ಮೂರು ಸಲ ಬರೆದಿದ್ದೇನೆ.

ಕಳೆದ ತಿಂಗಳು ಒಂದು ಶನಿವಾರ ಬೆಳಗ್ಗೆ ಚೌರಿಯ ಫೋನು ಬಂತು. ಅವನೀಗ ಪೀಣ್ಯದ ಒಂದು ಸಣ್ಣ ಘಟಕದಲ್ಲಿ ಫರ್ನೇಸ್ ನೋಡಿಕೊಳ್ಳುತ್ತಾನೆ. ಗೇರು, ಶಾಫ್ಟು ಮುಂತಾದ ಉಕ್ಕಿನ ಬಿಡಿಭಾಗಗಳನ್ನು, ಅವರ ಮಾತಿನಲ್ಲಿ ‘ಜಾಬು’ಗಳನ್ನು, ಕೆಂಪಗೆ ಕಾಯಿಸಿ, ಎಣ್ಣೆಗೆ ಅದ್ದಿ ಗಟ್ಟಿ ಮಾಡುವ ಕೆಲಸ.

“ಲೇ ಜೋಜಾ, ಅಮ್ಮಂಗೆ ಬುಧವಾರ ಹಾರ್ಟ್ ಆಪರೇಷನ್ನು ಕಣೋ. ನಿನ್ನಿಂದ ಒಂದು ಕೆಲಸ ಆಗ್ಬೇಕು. ಬಾ.”

ದುಡ್ಡಿರಬಹುದು, ರಕ್ತವಿರಬಹುದು ಎಂದುಕೊಂಡು ಎರಡಕ್ಕೂ ಸಿದ್ಧನಾಗಿ ಹೋದೆ. ಅವನು ಫರ್ನೇಸಿನ ಬಾಗಿಲ ಮುಂದೆ ನಿಂತಿದ್ದ. ಒಂದು ತಟ್ಟೆ ಹೊರಗೆ ಬಂತು. ಕಾದು ಹಣ್ಣಾದ ಉಕ್ಕು ಎಣ್ಣೆಯ ತೊಟ್ಟಿಗೆ ಇಳಿದು ಬುಸ್ಸೆಂದಿತು. ಕೈಗವಸು ಕಳಚಿ, ನನ್ನನ್ನು ಹೊರಗೆ ಬೇವಿನ ಮರದ ಕೆಳಗೆ ಕರೆತಂದು, ಜೇಬಿನಿಂದ ಒಂದು ಕಾಗದ ತೆಗೆದ. ನನಗೆ ನಗು ಬಂತು. ಅದು ಕರಗಿದ ಸೀಸದ ಕರಪತ್ರ, ನನ್ನ ಫೈಲಿನಲ್ಲಿ ಅದರ ಎರಡು ಪ್ರತಿಗಳಿವೆ. ನನ್ನ ಪ್ರತಿಗಳು ಗರಿಗರಿಯಾಗಿವೆ. ಅವನದು ನಾಲ್ಕು ಮಡಿಕೆಯಾಗಿ, ಬೆವರಿಗೆ ಬಟ್ಟೆಯಂತೆ ಮೆತ್ತಗಾಗಿತ್ತು.

“ಆಸ್ಪತ್ರೇಲಿ ಟೆಸ್ಟ್‌ಗೆ ಕೂತಿದ್ದಾಗ ಯಾರೋ ಕೊಟ್ರು” ಎಂದ.

ನಾನು ಭಾಷಣ ಶುರು ಮಾಡಿದೆ. ಷೆಯೋಲ್ ಹೇಳಿದೆ, ಗೆಹೆನ್ನ ಹೇಳಿದೆ, ಕೂಸುಗಳ ಜಗಲಿ ಹೇಳಿದೆ. ಅವನು ತಾಳ್ಮೆಯಿಂದ ಕೇಳಿದ. ಆಮೇಲೆ ಹೇಳಿದ: “ಬೆಂಕಿ ವಿಷಯ ನಂಗೆ ಹೇಳ್ಬೇಡ ಮಗಾ, ದಿನಾ ಅದರ ಜೊತೆ ಇರೋನು. ಈ ಚಿತ್ರ ಬರೆದೋನಿಗೆ ಫರ್ನೇಸ್ ಗೊತ್ತಿಲ್ಲ ಅಂತ ನೋಡಿದ್ರೇ ಗೊತ್ತಾಗುತ್ತೆ. ನಾವು ಯಾವ ಜಾಬೂ ಸುಮ್ನೆ ಕಾಯಿಸಲ್ಲ. ಇಷ್ಟು ಶಾಖ, ಇಷ್ಟು ಹೊತ್ತು, ಆಮೇಲೆ ತೆಗೀಬೇಕು. ತೆಗೀದೇ ಬಿಟ್ರೆ ಜಾಬೂ ಹಾಳು, ಫರ್ನೇಸ್ ಒಳಗಿನ ಇಟ್ಟಿಗೇನೂ ಹಾಳು. ಕೊನೇನೇ ಇಲ್ದಂಗೆ ಕಾಯಿಸೋದು ಅಂದ್ರೆ, ಆ ಫರ್ನೇಸ್ ಆಪರೇಟರ್‌ನ ಮೊದ್ಲು ಮನೆಗೆ ಕಳಿಸ್ಬೇಕು.”

ಎರಡು ಸಾವಿರ ವರ್ಷಗಳ ವಾದವನ್ನು ಒಂದು ಉಸಿರಿನಲ್ಲಿ ಮುಗಿಸಿದ್ದ. ನಾನು ಚಪ್ಪಾಳೆ ತಟ್ಟುವುದೊಂದು ಬಾಕಿ.

“ಮತ್ತೆ ಇದನ್ನ ಯಾಕೆ ಜೇಬಲ್ಲಿ ಇಟ್ಕೊಂಡಿದೀಯ?”

“ಭಯ ಕಣೋ.”

ಚರ್ಚಿನ ಫಾದರ್ ಬಳಿ ಹೋಗಿ, ಆಪರೇಷನ್ನಿಗೆ ಮುಂಚೆ ಅಮ್ಮನಿಗೆ ಜ್ಞಾನಸ್ನಾನ ಕೊಡಿ ಎಂದು ಕೇಳಿದನಂತೆ. ಅವರು, ನಿಮ್ಮಮ್ಮ ತಾವಾಗಿ ಕೇಳಿದರೆ ಈಗಲೇ ಬರುತ್ತೇನೆ, ನೀನು ಹೆದರಿ ಕೇಳಿದರೆ ಬರುವುದಿಲ್ಲ ಎಂದರಂತೆ. ನನಗೆ ಆ ಫಾದರ್ ಬಗ್ಗೆ ಗೌರವ ಉಂಟಾಯಿತು. ನನ್ನ ಸಿದ್ಧಾಂತಕ್ಕೆ ಅದು ಅನಾನುಕೂಲವೇ ಆಗಿದ್ದರೂ.

“ಅದಕ್ಕೇ ನಿನ್ನ ಕರ್ದೆ” ಎಂದ ಚೌರಿ. “ಪ್ರಾಣಾಪಾಯ ಇದ್ರೆ ಯಾರು ಬೇಕಾದ್ರೂ ನೀರು ಹಾಕ್ಬಹುದು. ನೀನೇ ಹಾಕ್ಬೇಕು.”

“ನಾನಾ? ಚರ್ಚಿಗೇ ಸರಿಯಾಗಿ ಹೋಗದೋನು!”

“ನೀನು ಮಾತು ಕೊಟ್ಟಿದ್ದೆ ಕಣೋ. ‘ನಿಮ್ಮಮ್ಮಂಗೆ ಜ್ಞಾನಸ್ನಾನ ಆಗಿಲ್ಲ, ಬೆಂಕೀಗೇ ಹೋಗೋದು. ಸಾಯೋಕ್ ಮುಂಚೆ ನನ್ನ ಕರಿ, ನಾನು ನೀರು ಹಾಕಿ ಉಳಿಸ್ತೀನಿ’ ಅಂದಿದ್ದೆ.”

“ಅದು ಉಪದೇಶಿ ಅಂತೋಣಪ್ಪ ಅಂದಿದ್ದು!”

ಚೌರಿ ನನ್ನ ಮುಖವನ್ನೇ ನೋಡಿದ. ಅವನಿಗೆ ಕೋಪವಿರಲಿಲ್ಲ, ನಿಜವಾಗಿಯೂ ಆಶ್ಚರ್ಯವಾಗಿತ್ತು. “ಉಪದೇಶಿ ಎಲ್ಲೋ ಅಂದ್ರು? ನೀನು. ಕ್ಲಾಸ್ ಮುಗಿದ್ಮೇಲೆ, ಚರ್ಚ್ ಕಾಂಪೌಂಡ್ ಗೋಡೆ ಹತ್ರ. ಆ ವರ್ಷ ಧರ್ಮೋಪದೇಶದಲ್ಲಿ ನಿಂಗೆ ಫಸ್ಟ್ ಪ್ರೈಜ್ ಬಂದಿತ್ತಲ್ಲ, ತಲೆ ನಿಲ್ತಿರ್ಲಿಲ್ಲ. ಗೋಡೆ ಮೇಲೆ ಬೆಂಕಿ ಚಿತ್ರ ಬರೆದು ತೋರಿಸ್ದೆ. ಆ ಕೆಂಪು ಸೀಮೆಸುಣ್ಣ ನೀನು ಕದ್ದಿದ್ದು.”

ಫರ್ನೇಸಿನ ಎದುರು ಬರದಿದ್ದ ಬೆವರು ಬೇವಿನ ನೆರಳಿನಲ್ಲಿ ಬಂತು. ಅಲ್ಲ ಎನ್ನಲು ಬಾಯಿ ತೆರೆದೆ. ಆದರೆ ಕದ್ದ ಸೀಮೆಸುಣ್ಣ ಎಂದ ಕೂಡಲೇ ಚಡ್ಡಿಯ ಜೇಬಿನೊಳಗೆ ಉಳಿದಿದ್ದ ಕೆಂಪು ಪುಡಿ, ಅದಕ್ಕೆ ಅಮ್ಮ ಬೈದದ್ದು ನೆನಪಿಗೆ ಬಂದುಬಿಟ್ಟಿತು. ಪುಡಿ ಉಪದೇಶಿಯ ಜೇಬಿನಲ್ಲಿರಲಿಲ್ಲ. ಅಥವಾ ಈ ಪುಡಿಯನ್ನೂ ನಾನು ಆ ಗಳಿಗೆಯಲ್ಲೇ ಹುಟ್ಟಿಸಿಕೊಂಡೆನೇ? ನನ್ನ ನೆನಪಿನ ಮೇಲೆ ಆಣೆ ಇಟ್ಟು ಹೇಳುವ ಧೈರ್ಯ ನನಗಿಲ್ಲ. ಆ ರಾತ್ರಿ ಹಳೆಯ ದಿನಚರಿಗಳನ್ನು ತೆಗೆದು ನೋಡಿದೆ. ದಿನಚರಿ ಶುರು ಮಾಡಿದ್ದೇ ಹದಿನಾರನೆಯ ವಯಸ್ಸಿನಲ್ಲಿ. ಕತೆ ಮೊದಲು ಬರುವುದು ಎಂ.ಎ. ಓದುವಾಗ. ಅಷ್ಟರಲ್ಲಾಗಲೇ ಮಾತು ಉಪದೇಶಿಯ ಬಾಯಿಗೆ ಹೋಗಿ ಸೇರಿತ್ತು, ಕೈಗೆ ಬೆತ್ತವೂ ಬಂದಿತ್ತು. ಉಪದೇಶಿ ಅಂತೋಣಪ್ಪ ಬೆತ್ತ ಹಿಡಿದದ್ದನ್ನು ಲಗ್ಗೆರೆಯಲ್ಲಿ ಬೇರೆ ಯಾರೂ ನೋಡಿದಂತಿಲ್ಲ.

ಆದರೆ ಇದು ರಾತ್ರಿಯ ಮಾತು. ಮಧ್ಯಾಹ್ನ ನಾನು ಮಾಡಿದ್ದು ಇನ್ನೂ ಹಾಸ್ಯಾಸ್ಪದ: ಸುಮ್ಮನೆ ಚೌರಿಯ ಬೈಕಿನ ಹಿಂದೆ ಕೂತು ಲಗ್ಗೆರೆಗೆ ಹೋದೆ. ಹತ್ತು ವರ್ಷದ ಹುಡುಗ ಕೊಟ್ಟ ಮಾತನ್ನು ತತ್ವಶಾಸ್ತ್ರದ ಎಂ.ಎ. ಹೇಗೆ ತಾನೆ ಮುರಿದಾನು? ಸಿಗ್ನಲ್ಲಿನಲ್ಲಿ ಪಕ್ಕದ ಆಟೋದವನು ಯಾರಿಗೋ ಫೋನಿನಲ್ಲಿ, “ನರಕ ಗುರು ಇಲ್ಲಿ” ಎನ್ನುತ್ತಿದ್ದ. ನನಗೆ ಆ ಮಾತು ಅಂದು ಸವಕಲಾಗಿ ಕೇಳಲಿಲ್ಲ.

ಸಿದ್ದವ್ವ ಮಂಚದ ಮೇಲೆ ಗೋಡೆಗೊರಗಿ ಕೂತಿದ್ದರು. ತೆಳ್ಳಗಾಗಿದ್ದರು, ಕಣ್ಣು ಮಾತ್ರ ಹಾಗೇ ಇತ್ತು.

“ಯಾಕಪಾ ಜೋಜಪ್ಪಾ, ದಾರಿ ಮರ್ತಿದ್ದೇನ? ಎದಿ ಕೊಯ್ತಾರಂದ್ರ ಬಂದಿ. ಮೊದ್ಲ ಗೊತ್ತಿದ್ರ ಆವಾಗ ಕೊಯ್ಸಿಕೋತಿದ್ದೆ.”

ಚೌರಿ ಒಳಗಿನಿಂದ ನೀರು ತಂದ. ಅಂಗಡಿಯ ಚೀಟಿ ಇನ್ನೂ ಅಂಟಿಕೊಂಡಿದ್ದ ಹೊಚ್ಚಹೊಸ ಸ್ಟೀಲ್ ಚಂಬು. ಅವರು ಚಂಬನ್ನು ನೋಡಿದರು, ಮಗನನ್ನು ನೋಡಿದರು, ನನ್ನನ್ನು ನೋಡಿದರು.

“ಹೊಸಾ ಚಂಬು ಯಾಕೋ? ನಾ ಇನ್ನಾ ಅದೀನಿ.”

ಚೌರಿ ತಲೆ ತಗ್ಗಿಸಿಕೊಂಡೇ ಎಲ್ಲವನ್ನೂ ಹೇಳಿದ. ನಾನು ಸುಣ್ಣದ ಗೋಡೆ ನೋಡುತ್ತಾ ನಿಂತೆ. ಬೈಗುಳವನ್ನೋ ಅಳುವನ್ನೋ ನಿರೀಕ್ಷಿಸಿದ್ದೆ. ಅವರು ನಕ್ಕರು.

“ಆ ಬೆಂಕಿ ಇನ್ನಾ ಆರಿಲ್ಲೇನು! ಏ ಜೋಜಪ್ಪಾ, ನೀ ಹೇಳಿ ಹೋದಿ, ನಿನಗ ಗೊತ್ತಿಲ್ಲ. ಇಂವ ಮನಿಗೆ ಬಂದವನ ಸ್ಟೋವ್ ತಗೊಂಡು ಹಿತ್ತಲದಾಗ ಮುಚ್ಚಿಟ್ಟ. ನಾ ಕಡ್ಡಿ ಗೀರಿದ್ರ ಚೀರತಿದ್ದ. ಬೆಂಕಿ ಹತ್ರ ಹೋಗಬ್ಯಾಡವಾ, ನಿನ್ನ ಗುರ್ತು ಹಿಡಿತೈತಿ ಅಂತಿದ್ದ. ಒಂದ್ ವಾರ ಮನ್ಯಾಗ ಒಲಿ ಹಚ್ಚಲಿಲ್ಲ. ಇವನಪ್ಪ ಪಾಳಿ ಮುಗಿಸಿ ಬಂದು ಬ್ರೆಡ್ ತಿಂದು ಮಲಗತಿದ್ದ. ಮುಂದಿನ ರವಿವಾರ ನೀ ಬಂದಿ ನೋಡು, ನಿನಗೂ ಬ್ರೆಡ್ ಕೊಟ್ಟೆ. ಇನ್ನೊಂದಕ್ಕೂ ಜಾಮ್ ಹಚ್ಚು ಅಂದಿ.”

ಬಾಲ್ಯದ ಅತ್ಯಂತ ಸಂತೋಷದ ದಿನ.

ನರಕದ ಬಗ್ಗೆ ಇಷ್ಟು ಓದಿದ್ದೇನೆ. ಅದರ ಬೆಂಕಿ ನಿಜವೋ ರೂಪಕವೋ ನನಗೆ ಇವತ್ತಿಗೂ ತಿಳಿಯದು. ಲಗ್ಗೆರೆಯ ಆ ಮನೆಯಲ್ಲಿ ಒಂದು ವಾರ ಒಲೆ ತಣ್ಣಗಿತ್ತು ಎಂಬುದು ಮಾತ್ರ ನಿಜ. ಅದನ್ನು ಆರಿಸಿದವನು ಅದೇ ಮನೆಯಲ್ಲಿ ಕೂತು ಇನ್ನೊಂದು ತುಂಡಿಗೆ ಜಾಮು ಹಚ್ಚಿಸಿಕೊಂಡ ಎಂಬುದೂ ನಿಜ. ಕರಪತ್ರದ ಬಿಳಿ ಅಂಗಿಯವರನ್ನು ನೋಡಿ ನಕ್ಕೆನಲ್ಲ, ಅವರು ಕೊನೆಪಕ್ಷ ತಮ್ಮ ಫೋನ್ ನಂಬರನ್ನು ಅಚ್ಚು ಹಾಕಿಸಿರುತ್ತಾರೆ. ನಾನು ನನ್ನ ಕರಪತ್ರಕ್ಕೆ ಉಪದೇಶಿಯ ಹೆಸರು ಹಾಕಿದ್ದೆ.

“ಆಮೇಲೆ ಒಲೆ ಹೇಗೆ ಹಚ್ಚಿದ್ರಿ, ಅವ್ವಾ?” ಎಂದು ಕೇಳಿದೆ. ಏನಾದರೂ ಕೇಳಬೇಕಿತ್ತು.

“ಉಪದೇಶಿ ಅಂತೋಣಪ್ಪಾರು ಬಂದ್ರು. ನಾನ ಹೇಳಿ ಕರಸಿದ್ದೆ. ನೆಲದ ಮ್ಯಾಲೆ ಕುಂತು, ಸ್ಟೋವ್ ತರಿಸಿ, ಪಂಪ್ ಹೊಡದು, ಇವನ ಕೈ ಹಿಡಕೊಂಡು ಕಡ್ಡಿ ಗೀರಿಸಿದ್ರು. ಬೆಂಕಿ ಇರೋದು ರೊಟ್ಟಿ ಬೇಯ್ಸಾಕಪಾ, ತಾಯಂದ್ರನ್ನ ಸುಡಾಕಲ್ಲ ಅಂದ್ರು. ಎರಡು ರೊಟ್ಟಿ ತಿಂದು ಹೋದ್ರು. ಅವತ್ತಿಂದ ಇಂವ ಬೆಂಕಿ ಬಿಟ್ಟಿಲ್ಲ ನೋಡು, ಅದ್ರಾಗ ಹೊಟ್ಟಿ ಹೊರಕೊಳ್ಳಾಕತ್ತಾನ.”

ನಾನು ಚೌರಿಯ ಕಡೆ ತಿರುಗಿದೆ. “ಅವರು ಅಷ್ಟು ಚೆನ್ನಾಗಿ ಹೇಳಿದ್ರಲ್ಲೋ!”

“ಹೇಳಿದ್ರು. ಅವರು ಹೇಳಿದ್ದು ಅರ್ಥ ಆಯ್ತು ಕಣೋ. ನೀನು ಹೇಳಿದ್ದು ಒಳಗೇ ಉಳ್ಕೊಂಡ್ಬಿಡ್ತು.”

“ನಂಗೆ ಒಂದಿನಾನೂ ಹೇಳ್ಲಿಲ್ಲ ನೀನು.”

“ನೀನು ಕೇಳ್ಲಿಲ್ಲ.”

ಎಚ್ಚರಿಕೆಯ ವಾಕ್ಯ ಬರೆಯುವುದು ನನ್ನ ಹೊಟ್ಟೆಪಾಡು. ನಮ್ಮ ಕೈಪಿಡಿಗಳಲ್ಲಿ ಎಲ್ಲ ಅಪಾಯಗಳಿಗೂ ಒಂದೊಂದು ಗುರುತಿದೆ: ವಿದ್ಯುತ್ತಿಗೆ ಮಿಂಚು, ಬಿಸಿಗೆ ಅಲೆಯಲೆಯಾದ ಗೆರೆ. ಫಸ್ಟ್ ಪ್ರೈಜ್ ಬಂದ ಹುಡುಗನಿಗೆ ಮಾತ್ರ ಯಾರೂ ಗುರುತು ಮಾಡಿಟ್ಟಿಲ್ಲ.

ಸಿದ್ದವ್ವ ಕೈಚಾಚಿ ಚಂಬನ್ನು ತೆಗೆದುಕೊಂಡರು. ಎತ್ತಿ, ಬಾಯಿಗೆ ತಾಗಿಸದೆ, ಗಟಗಟ ಅರ್ಧ ನೀರು ಕುಡಿದು ಪಕ್ಕಕ್ಕಿಟ್ಟರು. ಮಗನಿಗೆ ಹೇಳಿದರು: “ಇಲ್ಲಿ ಕೇಳಪಾ. ನಿಮ್ಮಪ್ಪನ ದೇವ್ರ ಮುಂದ ಇಷ್ಟ್ ವರ್ಷ ಹಿಂದಿನ ಬೆಂಚಿನ್ಯಾಗ ಕುಂತೀನಿ, ಅಂವ ಎಂದೂ ಎದ್ ಹೋಗು ಅಂದಿಲ್ಲ. ನನಗ ಬೇಕನಿಸಿದ ದಿನ ನಾನ ಫಾದರ್‌ನ ಕೇಳತೀನಿ. ನಿನ್ನ ಅಂಜಿಕಿಗೆ ನಾ ಯಾಕ ಜಳಕಾ ಮಾಡ್ಲಿ?”

ಚೌರಿಯ ಕೈ ಜೇಬಿನ ಮೇಲಿತ್ತು, ಕರಪತ್ರ ಇದ್ದ ಜೇಬು.

“ಅವ್ವಾ, ತಪ್ಪಾಯ್ತು” ಎಂದೆ ನಾನು. ಮೂರು ದಶಕದ ಓದಿನ ನಂತರ ನನ್ನಲ್ಲಿ ಇದ್ದ ಮಾತು ಅಷ್ಟೇ.

ಪಾಪನಿವೇದನೆ ಕೇಳಿದ ಗುರುಗಳು ಕೊನೆಯಲ್ಲಿ ಒಂದು ಪ್ರಾಯಶ್ಚಿತ್ತ ವಿಧಿಸುವುದು ನಮ್ಮ ಪದ್ಧತಿ. ಸಾಮಾನ್ಯವಾಗಿ ಮೂರೋ ಐದೋ ಜಪ. ಸಿದ್ದವ್ವನಿಗೆ ಆ ಪದ್ಧತಿ ಗೊತ್ತಿತ್ತೋ ಇಲ್ಲವೋ, ಅವರು ಅಡುಗೆಮನೆಯ ಕಡೆ ಬೆರಳು ತೋರಿಸಿದರು.

“ಹೋಗು. ಅವತ್ತು ಆರಿಸಿದ ಒಲಿ ನೀನ ಹಚ್ಚು. ಚಾ ಮಾಡ್ಕೊಂಡ್ ಬಾ, ಮೂರೂ ಮಂದಿಗೆ.”

ಮನೆಯಲ್ಲಿ ನನಗೆ ಇಂಡಕ್ಷನ್ ಒಲೆ, ಗುಂಡಿ ಒತ್ತಿದರೆ ಸಾಕು. ಇಲ್ಲಿ ಗ್ಯಾಸಿನ ಲೈಟರು ಟಿಕ್ ಟಿಕ್ ಎಂದಿತೇ ಹೊರತು ಕಿಡಿ ಹಾರಲಿಲ್ಲ. ಬೆಂಕಿಪೊಟ್ಟಣ ಹುಡುಕಿದೆ. ಮೊದಲ ಕಡ್ಡಿ ಮುರಿಯಿತು, ಎರಡನೆಯದು ಬೆರಳು ಸುಟ್ಟಿತು. ಹೊರಗಿನಿಂದ, “ಏನ್ ಗುರು, ಎಂ.ಎ.ನಲ್ಲಿ ಕಡ್ಡಿ ಗೀರೋದು ಹೇಳ್ಕೊಡ್ಲಿಲ್ವಾ?” ಎಂದು ಚೌರಿ ಕೂಗಿದ. ಅಂದು ಅವನು ಮಾಡಿದ ಮೊದಲ ತಮಾಷೆ ಅದು. ಮೂರನೆಯ ಕಡ್ಡಿಗೆ ಒಲೆ ಭಗ್ಗೆಂದಿತು. ತಿರುಗಿ ನೋಡಿದರೆ ಅವನು ಬಾಗಿಲಲ್ಲಿ ನಿಂತು ನೀಲಿ ಜ್ವಾಲೆಯನ್ನೇ ನೋಡುತ್ತಿದ್ದ. ಹಾಲು ಉಕ್ಕುವ ತನಕ ಇಬ್ಬರೂ ನೋಡಿದೆವು. ಆದ್ದರಿಂದ ಉಕ್ಕಿಯೇ ಬಿಟ್ಟಿತು.

ಸಿದ್ದವ್ವ ಒಂದು ಗುಟುಕು ಕುಡಿದು ಲೋಟವನ್ನು ದೂರ ಹಿಡಿದರು. “ಅಯ್ಯ! ಇದು ನೋಡಪಾ ಖರೇ ನರಕ” ಎಂದರು. ಆದರೂ ಪೂರ್ತಿ ಕುಡಿದರು.

ಬುಧವಾರ ಅವರು ನೀರು ಹಾಕಿಸಿಕೊಳ್ಳದೆಯೇ ಒಳಗೆ ಹೋದರು. ಚೌರಿ ಹೊರಗೆ ಕುರ್ಚಿಯಲ್ಲಿ ಕೂತಿದ್ದ, ನಾನು ಪಕ್ಕದಲ್ಲಿದ್ದೆ. ಐದು ಗಂಟೆಗಳಲ್ಲಿ ಅವನ ಕೈ ಎಷ್ಟು ಸಲ ಜೇಬಿಗೆ ಹೋಯಿತೆಂದು ಎಣಿಸಲು ಹೋಗಲಿಲ್ಲ. ಒಮ್ಮೆಯೂ ಕಾಗದ ಹೊರಗೆ ಬರಲಿಲ್ಲ. ಭಯ ಹೋಗಿತ್ತೆಂದು ಹೇಳಲಾರೆ, ಭಯದ ಜೊತೆಯಲ್ಲೇ ಕೂತಿದ್ದ. ಸಂಜೆ ಡಾಕ್ಟರು ಬಂದು ಎಲ್ಲ ಸರಿಯಾಯಿತು ಎಂದಾಗ ಅವನು ಎದ್ದು ನಿಂತು, ಏನು ಮಾಡಬೇಕೆಂದು ತಿಳಿಯದೆ, ಡಾಕ್ಟರಿಗೆ ಶಿಲುಬೆಯ ಗುರುತು ಮಾಡಿದ.

ನೆನಪನ್ನು ನಂಬದವನಾದ್ದರಿಂದ ಇದನ್ನೆಲ್ಲ ಅದೇ ವಾರ ಬರೆದಿಟ್ಟೆ. ಈ ಸಲ ಇನ್ನೊಂದು ಎಚ್ಚರಿಕೆಯನ್ನೂ ವಹಿಸಿದೆ: ಬರೆದದ್ದನ್ನು ಚೌರಿಗೆ ಓದಿ ಹೇಳಿದೆ. ಅವನು ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಕೂತು ಕೊನೆಯವರೆಗೂ ಕೇಳಿದ. ಗೋಡೆ, ಸೀಮೆಸುಣ್ಣ, ಬ್ರೆಡ್ಡು, ಯಾವುದಕ್ಕೂ ಆಕ್ಷೇಪ ಮಾಡಲಿಲ್ಲ. ಒಂದೇ ಒಂದು ತಿದ್ದುಪಡಿ ಹೇಳಿದ.

“ಚಾ ಅಷ್ಟೇನೂ ಕೆಟ್ಟದಾಗಿರ್ಲಿಲ್ಲ ಕಣೋ. ಚೆನ್ನಾಗೇ ಇತ್ತು.”

ಚಹಾ ಸೀದು ಹೋಗಿತ್ತು. ಹಾಲು ಅರ್ಧ ಒಲೆಯ ಮೇಲಿತ್ತು, ಸಕ್ಕರೆ ಹಾಕಲು ಮರೆತಿದ್ದೆ. ಇದಕ್ಕೆ ಮೂವರು ಸಾಕ್ಷಿಗಳಿದ್ದೇವೆ. ಒಂದೇ ವಾರದಲ್ಲಿ ಅವನ ನೆನಪು ತಪ್ಪಿತ್ತು. ನನ್ನ ನೆನಪೂ ತಪ್ಪುತ್ತದೆ, ಆದರೆ ಅದು ತಪ್ಪುವಾಗ ಇನ್ನೊಬ್ಬರ ಕೈಗೆ ಬೆತ್ತ ಕೊಡುತ್ತದೆ. ಅವನದು ತಪ್ಪುವಾಗ ನನ್ನ ಚಹಾಕ್ಕೆ ಸಕ್ಕರೆ ಹಾಕಿತ್ತು.

ನಾನು ತಿದ್ದಿಕೊಂಡೆ. ದಿನಚರಿಯ ಆ ಪುಟದಲ್ಲಿ ಈಗ ‘ಚಹಾ ಚೆನ್ನಾಗಿತ್ತು’ ಎಂದೇ ಇದೆ. ಅದು ಸುಳ್ಳೆಂದು ಗೊತ್ತಿದ್ದೂ ಹಾಗೇ ಬಿಟ್ಟಿದ್ದೇನೆ.